ದೇವರ ಪಟಗಳಲ್ಲಿ ಮುದ್ರಣಭೇದ: ರಾಯಚೂರು, ದೇವದುರ್ಗ, ಮಾನ್ವಿ ಪರಿಸರದ ಅಧ್ಯಯನಕ್ಕೆ ಒಂದು ಪೀಠಿಕೆ

೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಕಿರು ಬಂಡೆಶಾಸನವು ಭಾರತದ ಇತಿಹಾಸ ರಚನೆಯಲ್ಲಿ ಒಂದು ತಿರುವು. ಅದರ ಒಕ್ಕಣೆಯ ಬಹುಭಾಗ ವಿದ್ವಾಂಸರಿಗೆ ಅಪರಿಚಿತವಾಗಿರಲಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಪ್ರತಿಗಳು ೧೮೯೨ರಷ್ಟು ಹಿಂದೆಯೇ ಬೆಳಕಿಗೆ ಬಂದಿದ್ದವು. ಆದರೆ ಆ ಪ್ರತಿಗಳಲ್ಲಿ ಬಿರುದು ಮಾತ್ರವಿದ್ದ ಅರಸನ ಹೆಸರು 'ಅಶೋಕ' ಎಂಬುದಾಗಿ ಮಸ್ಕಿಯ ಪ್ರತಿಯಲ್ಲಿ ಕಾಣಿಸಿಕೊಂಡಿತು. ಒಂದೇ ಸಂದೇಶದ ಹಲವು ಪ್ರತಿಗಳಿದ್ದಾಗ ಅವನ್ನೆಲ್ಲ ಒಂದೇ ಎಂದು ಬಗೆದು ಬದಿಗಿಡಲಾಗದು, ಒಂದು ಪ್ರತಿಯ ಒಂದು ಭೇದವೇ ನಿರ್ಣಾಯಕವಾಗಬಲ್ಲದು ಎಂಬ ಪಾಠವನ್ನು ರಾಯಚೂರಿನ ನೆಲ ಹೀಗೆ ಕಲಿಸಿದೆ.

ಶಾಸನ ಹಾಗೂ ಹಸ್ತಪ್ರತಿಗಳ ವಿಷಯದಲ್ಲಿ ಕನ್ನಡ ವಿದ್ವತ್ತು ಈ ಪಾಠವನ್ನು ಚೆನ್ನಾಗಿ ಅರಗಿಸಿಕೊಂಡಿದೆ. ಪಾಠಾಂತರ, ಪ್ರಕ್ಷೇಪ, ಮೂಲಪ್ರತಿ, ಪೂರ್ವಮಿತಿ, ಉತ್ತರಮಿತಿ ಮೊದಲಾದ ಪರಿಕಲ್ಪನೆಗಳು ಗ್ರಂಥಸಂಪಾದನೆಯ ನಿತ್ಯದ ಉಪಕರಣಗಳಾಗಿವೆ. ಆದರೆ ಮನೆಯ ದೇವರ ಕೋಣೆಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಮಠದ ಪಡಸಾಲೆಯಲ್ಲಿ ತೂಗುಹಾಕಿದ ಅಚ್ಚಿನ ಪಟಗಳಿಗೆ ಈ ಉಪಕರಣಗಳನ್ನು ಅನ್ವಯಿಸಿದ್ದು ವಿರಳ. 'ರವಿವರ್ಮನ ಲಕ್ಷ್ಮಿ', 'ರವಿವರ್ಮನ ಸರಸ್ವತಿ' ಎಂದು ನಮೂದಿಸಿದೊಡನೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಚಿತ್ರದ ಮೂಲೆಯಲ್ಲಿರುವ ಕಲಾವಿದನ ಸಹಿಯನ್ನೂ ವರ್ಷವನ್ನೂ ಓದಿ ಅದನ್ನೇ ಪಟದ ಕಾಲವೆಂದು ಬರೆದುಬಿಡುವ ರೂಢಿ ಇದರ ಪರಿಣಾಮ. ವಸ್ತುತಃ ಆ ವರ್ಷ ಮೂಲ ವರ್ಣಚಿತ್ರದ್ದು. ಅದನ್ನು ನೋಡಿ ಕಲ್ಲಿನ ಮೇಲೆ ಬರೆದವನು ಸಹಿಯನ್ನೂ ಚಿತ್ರದ ಒಂದು ಭಾಗವೆಂದೇ ನಕಲು ಮಾಡಿದ್ದಾನೆ. ಗೋಡೆಯ ಮೇಲಿರುವ ಹಾಳೆ ಅದಕ್ಕಿಂತ ಹತ್ತು ವರ್ಷ, ಕೆಲವೊಮ್ಮೆ ಐವತ್ತು ವರ್ಷ ತರುವಾಯ ಅಚ್ಚಾದುದಿರಬಹುದು. ಆದುದರಿಂದ ಪಟದ ಕಾಲವನ್ನು ಹೇಳಬೇಕಾದುದು ಚಿತ್ರದ ವಿಷಯವಲ್ಲ, ಹಾಳೆಯ ಶರೀರ. ಆ ಶರೀರವನ್ನು ಓದುವ ಕ್ರಮವನ್ನು, ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಗಳ ಭೌಗೋಳಿಕ ಹಿನ್ನೆಲೆಯೊಂದಿಗೆ ಇಲ್ಲಿ ವಿವರಿಸಲಾಗಿದೆ.

ಕಲ್ಲಚ್ಚಿನ ವಿಧಾನ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಆಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ಎಣ್ಣೆ ಮತ್ತು ನೀರು ಬೆರೆಯವೆಂಬ ಸರಳ ತತ್ತ್ವವನ್ನು ಅವಲಂಬಿಸಿದೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ಕಲ್ಲನ್ನು ತೇವಗೊಳಿಸಿದರೆ, ಬರೆದ ಭಾಗ ಮಾತ್ರ ಅಚ್ಚಿನ ಮಸಿಯನ್ನು ಹಿಡಿಯುತ್ತದೆ. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಹಾಳೆ ಹತ್ತಾರು ಕಲ್ಲುಗಳ ಮೇಲೆ ಹಾದು ಬರುವುದುಂಟು. ಪ್ರತಿ ಸಲವೂ ಬಣ್ಣ ತನ್ನ ಸ್ಥಾನದಲ್ಲೇ ಕೂಡಬೇಕಾದುದರಿಂದ ಹಾಳೆಯ ಅಂಚಿನಲ್ಲಿ ಸಣ್ಣ ಕತ್ತರಿ ಗುರುತುಗಳನ್ನು ಹಾಕಲಾಗುತ್ತಿತ್ತು. ಛಾಯೆಯ ಏರಿಳಿತವನ್ನು ಕುಶಲಕರ್ಮಿ ಕೈಯಿಂದಲೇ ಚುಕ್ಕೆಯಿಟ್ಟು ಮೂಡಿಸುತ್ತಿದ್ದನು. ಮುದ್ರಣ ಮುಗಿದ ಮೇಲೆ ವಾರ್ನಿಷ್ ಬಳಿದು, ಚಿತ್ರಪಟದ ಬಟ್ಟೆಯ ನೇಯ್ಗೆಯಂತೆ ಕಾಣಲು ಹಾಳೆಗೆ ಉಬ್ಬುತಗ್ಗು ಒತ್ತಿದರೆ ಅದು ತೈಲಚಿತ್ರದ ಭ್ರಮೆ ಹುಟ್ಟಿಸುತ್ತಿತ್ತು. ಓಲಿಯೋಗ್ರಾಫ್ ಎಂಬ ಹೆಸರು ಬಂದುದು ಇದರಿಂದಲೇ.

ಪುಣೆಯ ಚಿತ್ರಶಾಲಾ ಮುದ್ರಣಾಲಯ ಹಾಗೂ ಕಲ್ಕತ್ತೆಯ ಆರ್ಟ್ ಸ್ಟುಡಿಯೋ ೧೮೭೮ರಲ್ಲಿ ಆರಂಭವಾದವು. ರಾಜಾ ರವಿವರ್ಮ (೧೮೪೮–೧೯೦೬) ಮತ್ತು ಆತನ ತಮ್ಮ ಸಿ. ರಾಜರಾಜವರ್ಮರ ಮುದ್ರಣಾಲಯ ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ೧೮೯೬ರಲ್ಲಿ ಮುಂಬಯಿಯನ್ನು ಪ್ಲೇಗು ಆವರಿಸಿತು. ಮುದ್ರಣಾಲಯವು ೧೮೯೯ರಲ್ಲಿ ಲೋಣಾವಳಾ ಬಳಿಯ ಮಳವಳಿಗೆ ಸ್ಥಳಾಂತರಗೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಷರನ ಒಡೆತನಕ್ಕೆ ಹೋಯಿತು. ೧೯೭೨ರ ಬೆಂಕಿ ಅನಾಹುತದಲ್ಲಿ ಕಾರ್ಖಾನೆ ನಾಶವಾಯಿತು. ಅಂದರೆ ರವಿವರ್ಮನ ಹೆಸರು ಹೊತ್ತ ಮುದ್ರಣಾಲಯ ಆತನ ಮರಣಾನಂತರವೂ ಆರು ದಶಕಗಳಿಗೂ ಮಿಗಿಲಾಗಿ ಬಾಳಿತು. ಸಹಿಯೊಂದನ್ನೇ ನಂಬುವ ಕಾಲನಿರ್ಣಯ ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭೇದಗಳ ವರ್ಗೀಕರಣ

ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಕಾಣುವ ವ್ಯತ್ಯಾಸಗಳೆಲ್ಲ ಒಂದೇ ತೂಕದವಲ್ಲ. ಅವನ್ನು ನಾಲ್ಕು ವರ್ಗಗಳಲ್ಲಿ ಪರಿಶೀಲಿಸುವುದು ಅನುಕೂಲ.

ಮೊದಲನೆಯದು ಆಕಸ್ಮಿಕ ಭೇದ. ತುಟಿಯ ಕೆಂಪು ತುಟಿಯಿಂದ ಕೂದಲೆಳೆಯಷ್ಟು ಜರುಗಿರುವುದು, ಸೀರೆಯ ಅಂಚಿನ ಹಸಿರು ಗೆರೆಯಾಚೆ ಚೆಲ್ಲಿರುವುದು ಈ ಬಗೆಯವು. ಹಾಳೆ ಕಲ್ಲಿನ ಮೇಲೆ ಸರಿಯಾಗಿ ಕೂರದಿದ್ದಾಗ ಇವು ಉಂಟಾಗುತ್ತವೆ. ಒಂದೇ ದಿನ ಅಚ್ಚಾದ ಎರಡು ಹಾಳೆಗಳಲ್ಲೂ ಇವು ಬೇರೆಬೇರೆಯಾಗಿರಬಹುದು. ಓಲೆಗರಿಯ ಲಿಪಿಕಾರನ ಕೈತಪ್ಪಿನಂತೆ ಇವು ಪ್ರತಿಯ ಗುಣವೇ ಹೊರತು ಆವೃತ್ತಿಯ ಲಕ್ಷಣವಲ್ಲ.

ಎರಡನೆಯದು ಆವೃತ್ತಿ ಭೇದ. ಕಲ್ಲು ಸವೆದಾಗ ಅಥವಾ ಹೊಸ ಕಲ್ಲನ್ನು ಸಿದ್ಧಪಡಿಸಿದಾಗ ಚಿತ್ರದ ಗೆರೆಯೇ ಬದಲಾಗುತ್ತದೆ. ಬೆರಳುಗಳ ಬಾಗು, ಆಭರಣದ ಮಣಿಗಳ ಸಂಖ್ಯೆ, ಹೂವಿನ ದಳಗಳ ಜೋಡಣೆ, ನೀರಿನ ಅಲೆಗಳ ಸಾಲು ಇವನ್ನು ಎಣಿಸಿ ಹೋಲಿಸಿದರೆ ಹೊಸ ಕಲ್ಲಿನ ಸುಳಿವು ದೊರೆಯುತ್ತದೆ. ಬಣ್ಣ ಜರುಗಿದ್ದರೆ ಅದು ಆಕಸ್ಮಿಕ. ಮಣಿಗಳ ಎಣಿಕೆಯೇ ಬದಲಾಗಿದ್ದರೆ ಅದು ಬೇರೆ ಕಲ್ಲು. ಈ ಒಂದು ಸೂತ್ರ ಬಹುಪಾಲು ಗೊಂದಲವನ್ನು ನಿವಾರಿಸುತ್ತದೆ. ಬಣ್ಣಗಳ ಸಂಖ್ಯೆಯನ್ನು ಕಡಿಮೆ ಮಾಡಿ ಅಗ್ಗವಾಗಿ ಅಚ್ಚುಹಾಕಿದ ಆವೃತ್ತಿಗಳೂ ಇದೇ ವರ್ಗಕ್ಕೆ ಸೇರುತ್ತವೆ.

ಮೂರನೆಯದು ನಕಲು ಭೇದ. ಜನಪ್ರಿಯ ಪಟವನ್ನು ಬೇರೆ ಮುದ್ರಕರು ಅನುಮತಿಯಿಲ್ಲದೆ ಮುದ್ರಿಸುತ್ತಿದ್ದುದು ಆ ಕಾಲದ ಸಾಮಾನ್ಯ ಸಂಗತಿ. ಪಟವನ್ನು ನೋಡಿಕೊಂಡು ಕಲ್ಲಿನ ಮೇಲೆ ನೇರವಾಗಿ ಬರೆದರೆ ಅಚ್ಚಿನಲ್ಲಿ ಎಡಬಲ ತಿರುವುಮುರುವಾಗುತ್ತದೆ. ದೇವತೆಯ ವಾಹನ ಒಂದು ಪ್ರತಿಯಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಇದ್ದರೆ, ಶಿಲ್ಪಶಾಸ್ತ್ರದಲ್ಲಿ ಕಾರಣ ಹುಡುಕುವ ಮೊದಲು ಇದು ನಕಲು ಕಲ್ಲಿನ ಪರಿಣಾಮವೇ ಎಂದು ಪರೀಕ್ಷಿಸಬೇಕು. ಪ್ರತಿಮಾಲಕ್ಷಣದ ಅಧ್ಯಯನ ಮಾಡುವವರು ಈ ಎಚ್ಚರಿಕೆಯನ್ನು ವಿಶೇಷವಾಗಿ ಗಮನಿಸುವುದು ಅಗತ್ಯ.

ನಾಲ್ಕನೆಯದು ಒಡೆತನದ ಭೇದ. ಪಟದ ಸೀರೆಗೆ ಜರಿ ಅಂಟಿಸುವುದು, ಕಿರೀಟಕ್ಕೆ ಮಿಣುಗುಬಿಲ್ಲೆ ಹಚ್ಚುವುದು, ಹಣೆಗೆ ಕುಂಕುಮವಿಡುವುದು ಇವೆಲ್ಲ ಮುದ್ರಣಾಲಯದಾಚೆ ನಡೆದ ಕಾರ್ಯಗಳು. ಇವು ಮುದ್ರಣದ ಇತಿಹಾಸಕ್ಕೆ ಸೇರದಿದ್ದರೂ ಆರಾಧನೆಯ ಇತಿಹಾಸಕ್ಕೆ ಬಹುಮುಖ್ಯ ಆಕರಗಳು. ಆದ್ದರಿಂದ ಇವನ್ನು 'ಕೊಳೆ' ಎಂದು ತೊಡೆಯದೆ ಪ್ರತ್ಯೇಕವಾಗಿ ದಾಖಲಿಸಬೇಕು.

ಈ ವಿಚಾರಣಾ ಕ್ರಮ ದೇವರ ಪಟಗಳಿಗಷ್ಟೇ ಮೀಸಲಲ್ಲ. ಯಂತ್ರದಿಂದ ಬಹುಪ್ರತಿಯಾದ ಎಲ್ಲ ಚಿತ್ರಗಳಿಗೂ ಅನ್ವಯಿಸುತ್ತದೆ. ನಾಣ್ಯ ಹಾಕಿ ಆಡುವ ವಿಡಿಯೋ ಆಟದ ಪೆಟ್ಟಿಗೆಗಳ ಮೇಲಿನ ಚಿತ್ರಗಳನ್ನು ಪಾಶ್ಚಾತ್ಯ ದೇಶಗಳ ಸಂಗ್ರಾಹಕರು ಇದೇ ಬಗೆಯ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ೧೯೮೦ರಲ್ಲಿ ಜಪಾನಿನ ನಾಮ್ಕೊ ಸಂಸ್ಥೆ 'ಪಕ್-ಮ್ಯಾನ್' ಎಂಬ ಹೆಸರಿನಿಂದ ಹೊರತಂದ ಆಟವನ್ನು ಅಮೆರಿಕದಲ್ಲಿ ಮಿಡ್‌ವೇ ಸಂಸ್ಥೆ 'ಪ್ಯಾಕ್-ಮ್ಯಾನ್' ಎಂಬ ಬದಲಾದ ಹೆಸರಿನಿಂದ, ಬೇರೆಯೇ ಚಿತ್ರಾಲಂಕಾರದ ಪೆಟ್ಟಿಗೆಯಲ್ಲಿ ತಯಾರಿಸಿತು. ಯಾವ ಪೆಟ್ಟಿಗೆ ಯಾವ ತಯಾರಿಕೆಯದು, ಪಕ್ಕದ ಚಿತ್ರ ಮೂಲದ್ದೇ ಅಥವಾ ಇತ್ತೀಚೆಗೆ ಅಂಟಿಸಿದ್ದೇ ಎಂಬ ಅವರ ಪ್ರಶ್ನೆಗೂ ಕಲ್ಲಚ್ಚಿನ ಪಟದ ಮುಂದೆ ನಿಂತ ಸಂಶೋಧಕನ ಪ್ರಶ್ನೆಗೂ ತತ್ತ್ವತಃ ಭೇದವಿಲ್ಲ. ಇಬ್ಬರೂ ಮೊದಲು ಹುಡುಕುವುದು ತಯಾರಕನ ಗುರುತು, ಬಣ್ಣಗಳ ಕೂಡಿಕೆ ಮತ್ತು ಅಂಚು.

ಪರಿಶೀಲನೆಯ ಕ್ರಮ

ಪರಿಶೀಲನೆ ಅಂಚಿನಿಂದ ಆರಂಭವಾಗಬೇಕು. ಚಿತ್ರದ ಕೆಳಗಿನ ಬಿಳಿಯ ಪಟ್ಟಿಯಲ್ಲಿ ಅತಿ ಸಣ್ಣ ಅಕ್ಷರಗಳಲ್ಲಿ ಮುದ್ರಕರ ಹಾಗೂ ಮಾರಾಟಗಾರರ ಹೆಸರುಗಳಿರುತ್ತವೆ. ಬ್ರಿಟಿಷ್ ಭಾರತದಲ್ಲಿ ಅಚ್ಚಾದ ಪುಸ್ತಕ ಹಾಗೂ ಪತ್ರಗಳ ಮೇಲೆ ಮುದ್ರಕನ ಹೆಸರು ಮತ್ತು ಸ್ಥಳವನ್ನು ನಮೂದಿಸಬೇಕೆಂದು ೧೮೬೭ರ ಕಾಯಿದೆ ವಿಧಿಸಿತ್ತು. ರವಿವರ್ಮ ಮುದ್ರಣಾಲಯದ ಹೆಸರಿನೊಂದಿಗೆ ಕಾರ್ಲಾ, ಮಳವಳಿ ಅಥವಾ ಲೋಣಾವಳಾ ಎಂಬ ಸ್ಥಳನಾಮವಿದ್ದರೆ ಆ ಹಾಳೆಗೆ ೧೮೯೯ ಪೂರ್ವಮಿತಿಯಾಗುತ್ತದೆ. ಮುಂಬಯಿಯ ಅನಂತ ಶಿವಾಜಿ ದೇಸಾಯಿಯಂತಹ ಮಾರಾಟಗಾರರ ಹೆಸರು ಪಟ ಯಾವ ವ್ಯಾಪಾರಜಾಲದಿಂದ ಬಂದಿತೆಂಬುದನ್ನು ತಿಳಿಸುತ್ತದೆ. ಜರ್ಮನಿಯಲ್ಲಿ ತಯಾರಾದುದೆಂಬ ನಮೂದಿದ್ದರೆ, ೧೯೧೪ರಲ್ಲಿ ಆರಂಭವಾದ ಮಹಾಯುದ್ಧ ಆ ಆಮದನ್ನು ಕಡಿದುಹಾಕಿತೆಂಬುದನ್ನು ನೆನಪಿಡಬೇಕು.

ಕಟ್ಟು ಹಾಕುವವರು ಚೌಕಟ್ಟಿನ ಅಳತೆಗೆ ಹೊಂದಿಸಲು ಮೊದಲು ಕತ್ತರಿಸುತ್ತಿದ್ದುದು ಈ ಅಂಚನ್ನೇ ಎಂಬುದು ವಿಷಾದದ ಸಂಗತಿ. ರವಿವರ್ಮ ಮುದ್ರಣಾಲಯದ ಪಟಗಳು ಸಾಮಾನ್ಯವಾಗಿ ಸುಮಾರು ೫೦×೩೫ ಸೆಂ.ಮೀ. ಹಾಗೂ ೭೦×೫೦ ಸೆಂ.ಮೀ. ಅಳತೆಗಳಲ್ಲಿ ದೊರೆಯುತ್ತವೆ. ಹಾಳೆ ಇದಕ್ಕಿಂತ ಸ್ವಲ್ಪ ಕಿರಿದಾಗಿದ್ದು ಅಂಚಿಲ್ಲದಿದ್ದರೆ ಕತ್ತರಿಸಿರುವ ಸಾಧ್ಯತೆ ಹೆಚ್ಚು.

ಅನಂತರ ಚುಕ್ಕೆಗಳನ್ನು ನೋಡಬೇಕು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದಕ್ಕೆ ಸಾಕು. ಕೈಯಿಂದಿಟ್ಟ ಚುಕ್ಕೆಗಳು ಗಾತ್ರದಲ್ಲೂ ಅಂತರದಲ್ಲೂ ಏಕರೂಪವಾಗಿರುವುದಿಲ್ಲ. ಕೆನ್ನೆಯ ಉಬ್ಬನ್ನು ಅನುಸರಿಸಿ ಹರಡುತ್ತವೆ. ಛಾಯಾಗ್ರಹಣದ ನೆರವಿನಿಂದ ಸಿದ್ಧವಾದ ಹಾಫ್‌ಟೋನ್ ಮುದ್ರಣದಲ್ಲಿ ಚುಕ್ಕೆಗಳು ಜಾಲರಿಯಂತೆ ಸಾಲುಗಟ್ಟಿರುತ್ತವೆ. ನಾಲ್ಕು ಬಣ್ಣಗಳ ಆಫ್‌ಸೆಟ್‌ನಲ್ಲಿ ಈ ಸಾಲುಗಳು ಬೇರೆಬೇರೆ ಕೋನಗಳಲ್ಲಿ ಕೂಡಿ ಸಣ್ಣ ಹೂವಿನಾಕಾರಗಳಾಗುತ್ತವೆ. ಇಂದಿನ ಗಣಕ ಮುದ್ರಕದ ಪ್ರತಿಯಲ್ಲಿ ಜಾಲರಿಯೂ ಇಲ್ಲದೆ ಮಸಿಯ ಸೂಕ್ಷ್ಮ ತುಂತುರು ಕಾಣುತ್ತದೆ. ಹಳೆಯ ಮರದ ಚೌಕಟ್ಟಿನಲ್ಲಿ ಹೊಸ ಪ್ರತಿಯನ್ನು ಕೂರಿಸಿ ಮಾರುವ ಈ ಕಾಲದಲ್ಲಿ ಈ ಪರೀಕ್ಷೆ ಅನಿವಾರ್ಯ. ಹಳೆಯ ಓಲಿಯೋಗ್ರಾಫನ್ನು ಛಾಯಾಚಿತ್ರ ತೆಗೆದು ಮರುಮುದ್ರಿಸಿದ್ದರೆ ಜಾಲರಿಯೊಳಗೆ ಹಳೆಯ ಕೈಚುಕ್ಕೆಗಳ ನೆರಳೂ ಗೋಚರಿಸುವುದುಂಟು. ಇದು ಒಂದು ಪ್ರತಿಯ ಮೈಮೇಲೆ ಅದರ ಮಾತೃಪ್ರತಿಯ ಗುರುತು ಉಳಿದಂತೆ.

ಮೂರನೆಯದಾಗಿ ಬಣ್ಣ. ದೀಪದ ಹೊಗೆ, ವಾರ್ನಿಷಿನ ಹಳದಿ, ಕಿಟಕಿಯ ಬಿಸಿಲು ಇವು ಬಣ್ಣವನ್ನು ಬದಲಿಸುತ್ತವೆ. ಬಿಸಿಲು ತಗುಲುವ ಗೋಡೆಯಲ್ಲಿದ್ದ ಪಟದ ಕೆಂಪು ಮಸುಕಾಗಿ ಸೀರೆ ಬೇರೆಯೇ ಬಣ್ಣದ್ದೆಂಬ ಭ್ರಮೆ ಹುಟ್ಟಬಹುದು. ಚೌಕಟ್ಟಿನ ತೋಡಿನೊಳಗೆ ಅಡಗಿದ್ದ ಅರ್ಧ ಅಂಗುಲದ ಅಂಚು ಬೆಳಕನ್ನು ಕಾಣದಿರುವುದರಿಂದ ಮೂಲ ಬಣ್ಣವನ್ನು ಉಳಿಸಿಕೊಂಡಿರುತ್ತದೆ. ಅಲ್ಲಿಯ ಬಣ್ಣವನ್ನು ಹೋಲಿಸದೆ ಯಾವ ಪ್ರತಿಯನ್ನೂ 'ಬಣ್ಣಭೇದವುಳ್ಳ ಆವೃತ್ತಿ' ಎಂದು ಘೋಷಿಸುವುದು ಸಲ್ಲದು.

ಕೊನೆಯದಾಗಿ ಹಿಂಬದಿ. ಕಟ್ಟಿನ ಹಲಗೆಗೂ ಪಟಕ್ಕೂ ನಡುವೆ ಹಳೆಯ ವೃತ್ತಪತ್ರಿಕೆ ಇಡುವ ವಾಡಿಕೆ ವ್ಯಾಪಕವಾಗಿತ್ತು. ಅದರ ತಾರೀಖು ಕಟ್ಟು ಹಾಕಿದ ಕಾಲದ ಪೂರ್ವಮಿತಿ ಮಾತ್ರ, ಮುದ್ರಣದ ಕಾಲವಲ್ಲ. ಮರುಕಟ್ಟು ಹಾಕಿಸಿದ್ದರೆ ಪಟ ಇನ್ನೂ ಹಳೆಯದಾಗಿರಬಹುದು. ಪತ್ರಿಕೆ ಉರ್ದು, ಮರಾಠಿ, ತೆಲುಗು, ಕನ್ನಡಗಳಲ್ಲಿ ಯಾವ ಭಾಷೆಯದು ಎಂಬುದೂ ರಾಯಚೂರಿನಂತಹ ಬಹುಭಾಷಾ ಪರಿಸರದಲ್ಲಿ ಸಾಕ್ಷ್ಯವಾಗುತ್ತದೆ.

ಎರಡು ಹಳಿಗಳ ಸಂಗಮ

ರಾಯಚೂರಿಗೆ ಈ ಅಧ್ಯಯನದಲ್ಲಿ ವಿಶೇಷ ಸ್ಥಾನವಿರುವುದಕ್ಕೆ ಕಾರಣ ಅದರ ರೈಲು ಇತಿಹಾಸ. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಕಲಬುರಗಿಗಳ ಮೂಲಕ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲುಮಾರ್ಗವನ್ನು ಕೂಡಿಕೊಂಡಿತು. ಲೋಣಾವಳಾ ಮತ್ತು ಮಳವಳಿ ನಿಲ್ದಾಣಗಳು ಇದೇ ಮುಂಬಯಿ ಮಾರ್ಗದಲ್ಲಿವೆ. ಚಿತ್ರಶಾಲೆಯಿದ್ದ ಪುಣೆಯೂ ಇದರ ಮೇಲೆಯೇ ಇದೆ. ಹೀಗೆ ಪಶ್ಚಿಮದ ಮುದ್ರಣ ಕೇಂದ್ರಗಳಿಂದ ಹೊರಟ ಸರಕಿಗೆ ರಾಯಚೂರು ಒಂದೇ ಹಳಿಯ ಕೊನೆಯ ನಿಲ್ದಾಣವಾಗಿತ್ತು. ಮತ್ತೊಂದು ದಿಕ್ಕಿನಿಂದ ಮದರಾಸಿನ ಹಳಿ ದಕ್ಷಿಣದ ಸರಕನ್ನು ತರಬಲ್ಲದಾಗಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಶಿವಕಾಶಿ ಪಟ ಹಾಗೂ ಕ್ಯಾಲೆಂಡರ್ ಮುದ್ರಣದ ದೊಡ್ಡ ಕೇಂದ್ರವಾಗಿ ಬೆಳೆದು, ಕೋವಿಲ್‌ಪಟ್ಟಿಯ ಸಿ. ಕೊಂಡಯ್ಯ ರಾಜು (೧೮೯೮–೧೯೭೬) ಮತ್ತು ಶಿಷ್ಯರ ಚಿತ್ರಗಳು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿದವು. ಮುಂಬಯಿಯ ಕಡೆಯಿಂದ ಅದೇ ಕಾಲದಲ್ಲಿ ಹರಿದ ಪ್ರವಾಹದಲ್ಲಿ ಕಲಬುರಗಿಯಲ್ಲಿ ಜನಿಸಿದ ಎಸ್. ಎಂ. ಪಂಡಿತರ (೧೯೧೬–೧೯೯೩) ಪೌರಾಣಿಕ ಚಿತ್ರಗಳು ಸೇರಿದ್ದವು.

ಆದುದರಿಂದ ಈ ಪ್ರದೇಶದ ಪಟಗಳನ್ನು ಎರಡು ಪ್ರವಾಹಗಳ ಸಂಗಮವೆಂದು ಭಾವಿಸಿ ಪರೀಕ್ಷಿಸುವುದು ಯುಕ್ತ. ಕೃಷ್ಣಾ ತೀರಕ್ಕೆ ಸಮೀಪದ ದೇವದುರ್ಗ ಹಾಗೂ ತುಂಗಭದ್ರೆಯ ಕಡೆಯ ಮಾನ್ವಿ ಈ ಹಳಿಗಳಿಂದ ದೂರದ ಊರುಗಳು. ಅಲ್ಲಿಗೆ ಪಟಗಳು ಸಂತೆಯ ವ್ಯಾಪಾರಿಯ ಗಂಟಿನಲ್ಲಿ, ಜಾತ್ರೆಯಿಂದ ಮರಳಿದವರ ಕೈಯಲ್ಲಿ, ಮದುವೆಯ ಉಡುಗೊರೆಯಾಗಿ ಬರಬೇಕಿತ್ತು. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲೂಕಿನದು. ಜಗನ್ನಾಥದಾಸರ ನೆಲೆ ಮಾನ್ವಿ. ದಾಸಪರಂಪರೆಯ ಈ ಸೀಮೆಯವರಿಗೆ ತುಂಗಭದ್ರೆಯಾಚೆಯ ಮಂತ್ರಾಲಯ ನಿತ್ಯದ ಯಾತ್ರಾಸ್ಥಳ. ರಾಯಚೂರು, ದೇವದುರ್ಗ, ಮಾನ್ವಿಗಳ ಪಟಗಳನ್ನು ಮುದ್ರಕರ ಸಾಲಿನ ಆಧಾರದಿಂದ ಪಟ್ಟಿಮಾಡಿ ಹೋಲಿಸಿದರೆ, ಪಶ್ಚಿಮದ ಮುದ್ರಣ ಎಲ್ಲಿಯವರೆಗೆ ತಲುಪಿತು, ದಕ್ಷಿಣದ ಮುದ್ರಣ ಅದನ್ನು ಎಂದು ಹಿಂದಿಕ್ಕಿತು ಎಂಬುದನ್ನು ಅಳೆಯಲು ಸಾಧ್ಯ. ದೋಆಬಿನ ಸಾಮಾನ್ಯ ಜನರ ಕೊಳ್ಳುವಿಕೆ ಹಾಗೂ ಭಕ್ತಿಯ ಚರಿತ್ರೆಗೆ ಇಂತಹ ನೇರ ಆಕರಗಳು ವಿರಳ.

ಕ್ಯಾಲೆಂಡರ್ ಪಟ್ಟಿಯ ಸಾಕ್ಷ್ಯ

ಕ್ಯಾಲೆಂಡರ್ ಪಟಗಳಲ್ಲಿ ಎರಡು ಮುದ್ರಣಗಳಿರುತ್ತವೆ. ಚಿತ್ರ ದೂರದ ಮುದ್ರಣಾಲಯದ್ದು. ಕೆಳಗಿನ ಖಾಲಿ ಪಟ್ಟಿಯಲ್ಲಿ ಅಂಗಡಿ, ಗಿರಣಿ, ದಲಾಲಿ ಮಂಡಿಗಳ ಹೆಸರನ್ನು ಅನಂತರ ಅಚ್ಚುಹಾಕಿದ್ದು. ಅಕ್ಷರದ ಮೊಳೆ ಹಾಳೆಯ ಹಿಂಬದಿಯಲ್ಲಿ ಉಬ್ಬಿ ಕಂಡರೆ ಈ ಎರಡನೆಯ ಅಚ್ಚು ಮೊಳೆಯಚ್ಚಿನದು. ತೇದಿಯ ಹಾಳೆಗಳು ಹರಿದುಹೋಗಿದ್ದರೂ ಈ ಪಟ್ಟಿ ಕಾಲವನ್ನು ಹೇಳಬಲ್ಲದು.

ರಾಯಚೂರು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಹೆಸರು ೧೯೭೩ರ ನವೆಂಬರ್ ೧ರಂದು ಕರ್ನಾಟಕವಾಯಿತು. ಆದ್ದರಿಂದ ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿರುವ ರಾಯಚೂರಿನ ಪಟ್ಟಿ ಸಾಮಾನ್ಯವಾಗಿ ಈ ಹದಿನೇಳು ವರ್ಷಗಳೊಳಗಿನದು. ಫಸಲಿ ವರ್ಷದ ನಮೂದಿದ್ದರೆ ಅದಕ್ಕೆ ಸುಮಾರು ೫೯೦ನ್ನು ಕೂಡಿಸಿದರೆ ಕ್ರಿಸ್ತಶಕ ವರ್ಷ ದೊರೆಯುತ್ತದೆ. ಬೆಲೆ 'ನಯಾ ಪೈಸೆ'ಯಲ್ಲಿದ್ದರೆ ೧೯೫೭ರ ಏಪ್ರಿಲ್ ೧ ಪೂರ್ವಮಿತಿ. 'ನಯಾ' ಎಂಬ ವಿಶೇಷಣ ೧೯೬೪ರಲ್ಲಿ ಬಿಟ್ಟುಹೋಯಿತು. ಆರಂಕಿಯ ಪಿನ್‌ಕೋಡ್ ಇದ್ದರೆ ಆ ಪಟ್ಟಿ ೧೯೭೨ರ ಆಗಸ್ಟ್ ೧೫ಕ್ಕಿಂತ ಹಿಂದಿನದಾಗಿರಲಾರದು. ಹಳೆಯ ಅಚ್ಚುಮೊಳೆ ಜೋಡಣೆಯನ್ನು ಬದಲಿಸದೆ ಕೆಲವು ಕಾಲ ಮುಂದುವರಿಸುವ ಸಂಭವವಿರುವುದರಿಂದ, ಉತ್ತರಮಿತಿಗಿಂತ ಪೂರ್ವಮಿತಿಯೇ ಹೆಚ್ಚು ವಿಶ್ವಾಸಾರ್ಹವೆಂಬುದನ್ನು ಮರೆಯಬಾರದು.

ಕ್ರಮದ ಅನ್ವಯಕ್ಕೆ ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಒಂದೇ ಸರಸ್ವತಿ ಪಟದ ಮೂರು ಪ್ರತಿಗಳಲ್ಲೂ ಕಲಾವಿದನ ಸಹಿ ಒಂದೇ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಕೈಚುಕ್ಕೆಗಳೂ ಕಾರ್ಲಾ ಎಂಬ ಸ್ಥಳನಾಮವೂ ಇವೆ. ಎರಡನೆಯದರಲ್ಲಿ ಕೈಚುಕ್ಕೆಗಳಿದ್ದರೂ ಅಂಚಿಲ್ಲ, ಹಾರದ ಮಣಿಗಳ ಎಣಿಕೆ ಬೇರೆ. ಮೂರನೆಯದರಲ್ಲಿ ಜಾಲರಿ ಚುಕ್ಕೆ, ಕೆಳಗೆ ಪಿನ್‌ಕೋಡ್ ಸಹಿತ ಅಂಗಡಿಯ ಹೆಸರು. ಸಹಿಯನ್ನು ಮಾತ್ರ ನೋಡಿದ ಪಟ್ಟಿ ಇವನ್ನು ಒಂದೇ ಕಾಲಕ್ಕೆ ಸೇರಿಸುತ್ತದೆ. ಹಾಳೆಯ ಶರೀರವನ್ನು ಓದಿದ ಪಟ್ಟಿ ಮೊದಲನೆಯದನ್ನು ೧೮೯೯ರ ಅನಂತರಕ್ಕೂ, ಮೂರನೆಯದನ್ನು ೧೯೭೨ರ ಅನಂತರಕ್ಕೂ ಇರಿಸಿ, ಎರಡನೆಯದನ್ನು 'ಬೇರೆ ಕಲ್ಲಿನದು, ಕಾಲ ಅನಿರ್ಣೀತ' ಎಂದು ಪ್ರಾಮಾಣಿಕವಾಗಿ ನಮೂದಿಸುತ್ತದೆ. ಅನಿರ್ಣೀತವೆಂಬ ನಮೂದು ತಪ್ಪು ನಿರ್ಣಯಕ್ಕಿಂತ ಮುಂದಿನ ಸಂಶೋಧಕನಿಗೆ ಹೆಚ್ಚು ಉಪಕಾರಿ.

ಉಳಿಸಿಕೊಳ್ಳಬೇಕಾದ ಆಕರ

ಈ ಆಕರಗಳು ಕಣ್ಮರೆಯಾಗುತ್ತಿರುವ ರೀತಿಯೂ ಗಮನಾರ್ಹ. ಗಾಜು ಒಡೆದ ಅಥವಾ ಗೆದ್ದಲು ತಿಂದ ದೇವರ ಪಟವನ್ನು ಮನೆಯಲ್ಲಿಡಬಾರದೆಂಬ ನಂಬಿಕೆಯಿದೆ. ಅದನ್ನು ಕಸಕ್ಕೆ ಎಸೆಯದೆ ಅರಳಿಕಟ್ಟೆಯ ಬುಡದಲ್ಲಿಡುತ್ತಾರೆ ಇಲ್ಲವೆ ಹೊಳೆಗೆ ಬಿಡುತ್ತಾರೆ. ಈ ಗೌರವದ ವಿಸರ್ಜನೆಯಲ್ಲಿಯೇ ಶತಮಾನದ ಸಾಕ್ಷ್ಯ ಮಳೆಗೆ ನೆನೆದು ನಾಶವಾಗುತ್ತಿದೆ. ನಂಬಿಕೆಯನ್ನು ನೋಯಿಸದೆ ಮಾಡಬಹುದಾದ ಕೆಲಸವಿದೆ. ವಿಸರ್ಜನೆಗೆ ಮುನ್ನ ಚೌಕಟ್ಟು ಬಿಚ್ಚಿ ಮುಂಬದಿ, ಹಿಂಬದಿ, ಅಂಚುಗಳ ಛಾಯಾಚಿತ್ರಗಳನ್ನು ಅಳತೆಗೋಲಿನೊಂದಿಗೆ ತೆಗೆದು, ಪಟ ಯಾವ ಊರಿನಲ್ಲಿ, ಮನೆಯ ಯಾವ ಭಾಗದಲ್ಲಿತ್ತೆಂಬುದನ್ನು ಬರೆದಿಡಬಹುದು. ಮನೆಯವರು ಒಪ್ಪಿದರೆ ಹಾಳೆಯನ್ನು ಸಮೀಪದ ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಸೇರಿಸಬಹುದು. ಹಾಳೆ ಹಲಗೆಗೆ ಅಂಟಿಕೊಂಡಿದ್ದರೆ ಅದನ್ನು ಎಬ್ಬಿಸುವ ಸಾಹಸ ಮಾಡದೆ ಹಾಗೆಯೇ ಕಾಪಾಡುವುದು ಲೇಸು.

೧೯೭೨ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷ ಮೀರಿದ ಕಲಾಕೃತಿಗಳನ್ನು ಪುರಾವಸ್ತುಗಳೆಂದು ಪರಿಗಣಿಸುವುದರಿಂದ, ಪಟವೊಂದು ೧೯೧೦ರದೋ ೧೯೬೦ರದೋ ಎಂಬುದು ಬರಿಯ ಪಂಡಿತರ ಕುತೂಹಲವಲ್ಲ. ಗ್ರಂಥಾಲಯದ ಸೂಚಿಯಲ್ಲಿ ಕಲಾವಿದನ ಹೆಸರು, ಮೂಲಚಿತ್ರದ ವರ್ಷ, ಮುದ್ರಕರ ಸಾಲು, ಚುಕ್ಕೆಯ ಬಗೆ, ಅಳತೆ, ಅಂಚಿನ ಸ್ಥಿತಿ, ಹಿಂಬದಿಯ ವಿವರ ಮತ್ತು ದೊರೆತ ಸ್ಥಳ ಇವುಗಳಿಗೆ ಪ್ರತ್ಯೇಕ ಅಂಕಣಗಳಿರಬೇಕು. ಮೂಲಚಿತ್ರದ ವರ್ಷ ಹಾಗೂ ಮುದ್ರಣದ ಕಾಲ ಒಂದೇ ಅಂಕಣದಲ್ಲಿ ಬೆರೆಯಕೂಡದು.

ಮಸ್ಕಿಯ ಬಂಡೆಯ ಮೇಲಿನ ಒಂದು ಹೆಸರು ಅರಸನ ಇತಿಹಾಸವನ್ನು ಸ್ಪಷ್ಟಪಡಿಸಿತು. ಮಾನ್ವಿಯ ಪಡಸಾಲೆಯ ಪಟವೊಂದರ ಅಂಚಿನಲ್ಲಿರುವ ಸಣ್ಣಕ್ಷರದ ಸಾಲು ಅಷ್ಟು ದೊಡ್ಡ ಸತ್ಯವನ್ನು ಹೇಳದಿರಬಹುದು. ಆದರೆ ಅರಸರ ಶಾಸನಗಳು ಹೇಳದ ಒಂದು ವಿಷಯವನ್ನು ಅದು ಹೇಳಬಲ್ಲದು: ಸಾಮಾನ್ಯ ಕುಟುಂಬವೊಂದು ತನ್ನ ದೇವರನ್ನು ಎಲ್ಲಿಂದ, ಯಾವಾಗ, ಯಾವ ದಾರಿಯಾಗಿ ಮನೆಗೆ ಕರೆತಂದಿತು ಎಂಬುದನ್ನು. ಅಂಚನ್ನು ಕತ್ತರಿಸದೆ ಉಳಿಸಿಕೊಂಡರೆ ಮಾತ್ರ ಆ ಸಾಲನ್ನು ಓದಲು ಸಾಧ್ಯ.